ಹದಿಹರೆಯದವರ ಸಂತಾನಶಕ್ತಿ: ನಂಬಿಕೆಗಳು, ವಸ್ತುಸ್ಥಿತಿ ಮತ್ತು ಲಭ್ಯವಿರುವ ಸೇವೆಗಳು

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇಕಡ 21.4ರಷ್ಟು ಮಂದಿ 18 ವರ್ಷ ತುಂಬುವ ಮೊದಲೇ ವಿವಾಹವಾಗಿದ್ದುದು ಕಂಡುಬಂದಿತ್ತು. ಐದನೆಯ ಸುತ್ತಿನಲ್ಲಿ (2019-21) ಈ ಪ್ರಮಾಣವು ಶೇಕಡ 21.3 ಆಗಿತ್ತು. ಅಂದರೆ, ಎರಡು ಸಮೀಕ್ಷೆಗಳ ನಡುವೆ ಹೇಳಿಕೊಳ್ಳುವಂತಹ ಇಳಿಕೆ ಆಗಿರಲಿಲ್ಲ. ಇದೇ ಅವಧಿಯಲ್ಲಿ, 15ರಿಂದ 19 ವರ್ಷದೊಳಗೆ ತಾಯಿಯಾದ ಅಥವಾ ಗರ್ಭಿಣಿಯಾಗಿದ್ದ ಹೆಣ್ಣುಮಕ್ಕಳ ಪ್ರಮಾಣವು ಶೇಕಡ 7.8ರಿಂದ 5.4ಕ್ಕೆ ಇಳಿದಿತ್ತು. ರಾಜ್ಯದ ಒಟ್ಟು ಫಲವತ್ತತೆ ದರವು 1.7 ಆಗಿತ್ತು. ಒಬ್ಬ ಮಹಿಳೆಗೆ ಸರಾಸರಿ ಎರಡಕ್ಕಿಂತ ಕಡಿಮೆ ಮಕ್ಕಳು ಎಂಬುದು ಇದರ ಅರ್ಥ.

ಈ ಅಂಕಿಗಳಲ್ಲಿ ಒಂದು ವೈರುಧ್ಯ ಅಡಗಿದೆ. ಕುಟುಂಬಗಳಿಗೆ ಹೆಚ್ಚು ಮಕ್ಕಳು ಬೇಕಾಗಿಲ್ಲ. ಆದರೆ ಮೊದಲ ಮಗು ಮಾತ್ರ ಬೇಗ ಬೇಕು. ಮದುವೆಯಾದ ವರ್ಷದೊಳಗೆ ಸೊಸೆ ಗರ್ಭಿಣಿಯಾಗದಿದ್ದರೆ ಓಣಿಯಲ್ಲಿ ಮಾತು ಹುಟ್ಟುತ್ತದೆ. ಆದುದರಿಂದ ಮೊದಲ ಮಗುವು ಕುಟುಂಬದ ಬಯಕೆಯಷ್ಟೇ ಆಗಿ ಉಳಿಯದೆ, ಹುಡುಗಿಗೆ ಮಕ್ಕಳಾಗುತ್ತವೆ ಎಂಬುದರ ಸಾಕ್ಷ್ಯವೂ ಆಗುತ್ತದೆ. ಈ ಸಾಕ್ಷ್ಯವನ್ನು ಒದಗಿಸಬೇಕೆಂಬ ಒತ್ತಡವು ಹದಿನೈದು, ಹದಿನಾರು ವರ್ಷದ ಬಾಲಕ ಬಾಲಕಿಯರ ಮನಸ್ಸಿನಲ್ಲಿ ವಿವಾಹಕ್ಕೂ ಮೊದಲೇ ಮನೆಮಾಡಿರುತ್ತದೆ.

ತಮಗೆ ಮುಂದೆ ಮಕ್ಕಳಾಗುವುದೋ ಇಲ್ಲವೋ ಎಂಬ ಈ ಭಯವು ಹದಿಹರೆಯದವರನ್ನು ಯಾವ ಕಡೆಗೆ ಕೊಂಡೊಯ್ಯುತ್ತಿದೆ, ಸಂತಾನಶಕ್ತಿಗೆ ನಿಜವಾಗಿ ಧಕ್ಕೆ ತರುವ ಕಾರಣಗಳು ಯಾವುವು, ಅವುಗಳಿಗೆ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಯಾವ ಸೇವೆಗಳಿವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಪ್ರದೇಶದ ಹಿನ್ನೆಲೆ

ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳು ಕಲಬುರಗಿ ಜಿಲ್ಲೆಗೆ ಸೇರಿವೆ. ವಾಡಿಯು ಚಿತ್ತಾಪುರ ತಾಲ್ಲೂಕಿನ ಪಟ್ಟಣವಾಗಿದ್ದು, ಸಿಮೆಂಟ್ ಕಾರ್ಖಾನೆ ಹಾಗೂ ರೈಲ್ವೆ ಜಂಕ್ಷನ್‌ಗೆ ಹೆಸರಾಗಿದೆ. ಶಹಾಬಾದ್ ಹಾಸುಗಲ್ಲಿನ ಗಣಿಗಳು, ಸೇಡಂ ಮತ್ತು ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ಕಾಗಿಣಾ ನದಿಯ ಎರಡೂ ದಡದ ತೊಗರಿ ಹೊಲಗಳು, ಚಿಂಚೋಳಿಯ ಅರಣ್ಯದಂಚಿನ ತಾಂಡಾಗಳು ಈ ಭಾಗದ ಜನಜೀವನದ ಆಧಾರವಾಗಿವೆ. ಸುಗ್ಗಿ ಮುಗಿದ ನಂತರ ಅನೇಕ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದ್ ನಗರಗಳಿಗೆ ದುಡಿಯಲು ಹೋಗುತ್ತವೆ.

ಈ ವಲಸೆಗೂ ಪ್ರಸ್ತುತ ವಿಷಯಕ್ಕೂ ನೇರ ಸಂಬಂಧವಿದೆ. ಊರು ಬಿಡುವ ತಂದೆತಾಯಿಗಳು ವಯಸ್ಸಿಗೆ ಬಂದ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಹೋಗಲು ಅಂಜುತ್ತಾರೆ. ಜೊತೆಗೆ ಕರೆದೊಯ್ದರೆ ಶಾಲೆ ತಪ್ಪುತ್ತದೆ. ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಆದರೆ ಆ ತರಗತಿಯನ್ನು ತಲುಪುವ ಮೊದಲೇ ಶಾಲೆ ಬಿಟ್ಟವರಿಗೆ ಆ ಪಾಠವು ದೊರೆಯುವುದಿಲ್ಲ. ಅವರಲ್ಲಿಯೇ ಬಾಲ್ಯವಿವಾಹದ ಸಂಭವ ಹೆಚ್ಚು. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ವಿರೋಧ ವ್ಯಕ್ತವಾಗಿ ಅದು ಹಿನ್ನಡೆ ಕಂಡಿತು. 2020ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿ, ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಈ ಕುರಿತು ತರಬೇತಿ ನೀಡುವ ವ್ಯವಸ್ಥೆಯನ್ನು ರೂಪಿಸಲಾಯಿತು.

ಭಾಷೆಯೂ ಒಂದು ತೊಡಕಾಗಿದೆ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಮಾತನಾಡುವ ಮಕ್ಕಳು ಈ ಭಾಗದಲ್ಲಿ ಬಹಳಷ್ಟಿದ್ದಾರೆ. ಕನ್ನಡ ಮಾತನಾಡುವ ಮಕ್ಕಳಿಗೂ ಭಿತ್ತಿಪತ್ರಗಳಲ್ಲಿ ಮುದ್ರಿಸಿದ "ಸಂತಾನೋತ್ಪತ್ತಿ ಆರೋಗ್ಯ" ಎಂಬ ಪದಕ್ಕಿಂತ ಅಡುಗೆಮನೆಯಲ್ಲಿ ಕೇಳಿದ "ಗರ್ಭಚೀಲ ಕೆಟ್ಟೈತಿ" ಎಂಬ ಮಾತೇ ಬೇಗ ಅರ್ಥವಾಗುತ್ತದೆ.

3. ಬಾಲಕಿಯರಲ್ಲಿರುವ ನಂಬಿಕೆಗಳು

ಮುಟ್ಟು ತಿಂಗಳಿಗೆ ಸರಿಯಾಗಿ ಬಾರದಿದ್ದರೆ ಮಕ್ಕಳಾಗುವುದಿಲ್ಲ ಎಂಬುದು ಅತ್ಯಂತ ಸಾಮಾನ್ಯವಾದ ನಂಬಿಕೆ. ವಸ್ತುಸ್ಥಿತಿ ಬೇರೆಯಾಗಿದೆ. ಮೈನೆರೆದ ಮೊದಲ ಎರಡು, ಮೂರು ವರ್ಷಗಳಲ್ಲಿ ಅಂಡಾಶಯದ ಕಾರ್ಯವು ಇನ್ನೂ ಹದಗೊಳ್ಳುತ್ತಿರುತ್ತದೆ. ಈ ಅವಧಿಯಲ್ಲಿ 21 ದಿನಗಳಿಂದ 45 ದಿನಗಳ ಅಂತರದಲ್ಲಿ ಮುಟ್ಟಾಗುವುದು ಸಹಜವಾಗಿದ್ದು, ಅದಕ್ಕಾಗಿ ಔಷಧ ಬೇಕಾಗುವುದಿಲ್ಲ. ಗೆಳತಿಯ ದಿನಲೆಕ್ಕದೊಂದಿಗೆ ತನ್ನದನ್ನು ಹೋಲಿಸಿ ಕೊರಗುವ ಅಗತ್ಯವೂ ಇಲ್ಲ.

ಬಿಳಿ ಸೆರಗು ಹೋದರೆ ಮೈಯ ಸತ್ವವೇ ಹರಿದು ಹೋಗುತ್ತದೆ, ಗರ್ಭಚೀಲ ಕೊಳೆಯುತ್ತದೆ ಎಂಬ ನಂಬಿಕೆ ಎರಡನೆಯದು. ವಾಸನೆಯಿಲ್ಲದ, ತುರಿಕೆಯಿಲ್ಲದ, ತಿಳಿಯಾದ ಅಥವಾ ಬಿಳಿಯ ಸ್ರಾವವು ಹದಿಹರೆಯದಲ್ಲಿ ಸ್ವಾಭಾವಿಕ. ಬಣ್ಣ ಬದಲಾಗಿ ದುರ್ವಾಸನೆ, ತುರಿಕೆ, ಉರಿ ಅಥವಾ ಕಿಬ್ಬೊಟ್ಟೆ ನೋವು ಇದ್ದಲ್ಲಿ ಮಾತ್ರ ಅದು ಸೋಂಕಿನ ಲಕ್ಷಣವಾಗಿರಬಹುದು. ಸೋಂಕನ್ನು ಆರಂಭದಲ್ಲಿಯೇ ಮಾತ್ರೆಗಳಿಂದ ಗುಣಪಡಿಸಬಹುದು.

ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆಯ ಹೆಸರು ಇತ್ತೀಚಿನ ವರ್ಷಗಳಲ್ಲಿ ಮೊಬೈಲ್ ಮೂಲಕ ಹಳ್ಳಿಗಳಿಗೂ ತಲುಪಿದೆ. ಈ ಹೆಸರು ಕೇಳಿದೊಡನೆ "ಇನ್ನು ಮಕ್ಕಳಾಗುವುದಿಲ್ಲ" ಎಂದು ತೀರ್ಮಾನಿಸುವುದು ತಪ್ಪು. ಈ ತೊಂದರೆಯಿರುವ ಮಹಿಳೆಯರಲ್ಲಿ ಬಹುಪಾಲು ಮಂದಿ ತೂಕದ ನಿಯಂತ್ರಣ ಹಾಗೂ ಅಗತ್ಯಬಿದ್ದಲ್ಲಿ ಚಿಕಿತ್ಸೆಯಿಂದ ತಾಯಂದಿರಾಗುತ್ತಾರೆ.

ಕೆಳಕಂಡ ಸಂದರ್ಭಗಳಲ್ಲಿ ತಪ್ಪದೇ ವೈದ್ಯರನ್ನು ಕಾಣತಕ್ಕದ್ದು:
(ಅ) 15 ವರ್ಷ ತುಂಬಿದರೂ ಮೈನೆರೆಯದಿದ್ದಲ್ಲಿ;
(ಆ) ಮುಟ್ಟು ಆರಂಭವಾದ ನಂತರ 90 ದಿನಗಳಿಗೂ ಮೇಲ್ಪಟ್ಟು ನಿಂತಲ್ಲಿ;
(ಇ) ರಕ್ತಸ್ರಾವವು ಏಳು ದಿನಗಳಿಗಿಂತ ಹೆಚ್ಚು ಇದ್ದಲ್ಲಿ ಅಥವಾ ಪ್ರತಿ ಒಂದೆರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದಲ್ಲಿ;
(ಈ) ನೋವಿನಿಂದಾಗಿ ತಿಂಗಳು ತಿಂಗಳೂ ಶಾಲೆ ತಪ್ಪುತ್ತಿದ್ದಲ್ಲಿ.

4. ಬಾಲಕರಲ್ಲಿರುವ ನಂಬಿಕೆಗಳು

ಮಕ್ಕಳಾಗದಿರುವುದು ಹೆಣ್ಣಿನ ದೋಷವೆಂಬ ಭಾವನೆಯಿಂದಾಗಿ ಬಾಲಕರ ಭಯವು ಹೊರಗೆ ಕಾಣಿಸುವುದಿಲ್ಲ. ಆದರೆ ಅದು ಕಡಿಮೆಯೇನಲ್ಲ. ನಿದ್ರೆಯಲ್ಲಿ ವೀರ್ಯ ಹೋಗುವುದರಿಂದ, ಹಸ್ತಮೈಥುನದಿಂದ ಧಾತು ನಷ್ಟವಾಗಿ ಮುಂದೆ ತಂದೆಯಾಗಲು ಸಾಧ್ಯವಿಲ್ಲವೆಂದು ಅನೇಕರು ನಂಬುತ್ತಾರೆ. ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯವಾಗುತ್ತದೆ ಎಂಬ ಹಳೆಯ ಮಾತು ಈ ಭಯದ ಮೂಲ. ಈ ಕೊರಗಿನಿಂದ ಬಳಲುವ ಯುವಕರ ಸ್ಥಿತಿಗೆ ಭಾರತೀಯ ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿಯೇ "ಧಾತು ಲಕ್ಷಣಕೂಟ" ಎಂದು ಹೆಸರಿಟ್ಟಿದ್ದರು. ನಿಶ್ಶಕ್ತಿ, ನಿದ್ರಾಹೀನತೆ, ಖಿನ್ನತೆ ಅವರಲ್ಲಿ ಕಂಡುಬರುತ್ತವೆ. ಅದಕ್ಕೆ ಕಾರಣ ವೀರ್ಯನಷ್ಟವಲ್ಲ, ಭಯ.

ವೃಷಣಗಳು ವೀರ್ಯಾಣುಗಳನ್ನು ಪ್ರತಿದಿನವೂ ಹೊಸದಾಗಿ ಉತ್ಪತ್ತಿ ಮಾಡುತ್ತವೆ. ಅದು ರಕ್ತದಿಂದ ಕಡಿತವಾಗುವ ಗಂಟಲ್ಲ. ಖರ್ಚಾದರೆ ತೀರಿಹೋಗುವುದೂ ಇಲ್ಲ. ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಗೋಡೆಗಳ ಮೇಲೆ "ಗುಪ್ತರೋಗ"ಗಳಿಗೆ ಖಾತ್ರಿ ಚಿಕಿತ್ಸೆಯೆಂದು ಜಾಹೀರಾತು ಅಂಟಿಸುವವರು ಈ ಭಯವನ್ನೇ ಬಂಡವಾಳ ಮಾಡಿಕೊಂಡಿರುತ್ತಾರೆ. ಗಣಿಯಲ್ಲಿ ಅಥವಾ ಹಮಾಲಿಯಲ್ಲಿ ದುಡಿದ ಹಣವನ್ನು ಇಂತಹವರಿಗೆ ತೆತ್ತ ಬಾಲಕನಿಗೆ ಇಲ್ಲದ ರೋಗವೊಂದು ಅಂಟಿಕೊಳ್ಳುತ್ತದೆ. ಇರುವ ರೋಗ ಉಳಿದುಹೋಗುತ್ತದೆ.

ಬಾಲಕರಲ್ಲಿ ನಿಜವಾಗಿ ಗಮನಿಸಬೇಕಾದ ಅಂಶಗಳು ಬೇರೆ. ಹುಟ್ಟಿನಿಂದ ವೃಷಣ ಚೀಲಕ್ಕೆ ಇಳಿಯದಿದ್ದಲ್ಲಿ ಒಂದು, ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಸೂಕ್ತ. ತಡವಾಗಿದ್ದರೂ ವೈದ್ಯರಿಗೆ ತೋರಿಸತಕ್ಕದ್ದು. ಮೈನೆರೆದ ನಂತರ ಬರುವ ಮಂಗನಬಾವಿನೊಂದಿಗೆ ವೃಷಣ ಬಾತುಕೊಂಡಲ್ಲಿ, ಅಥವಾ ವೃಷಣದಲ್ಲಿ ಹಠಾತ್ತನೆ ತೀವ್ರ ನೋವು ಕಾಣಿಸಿದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಠಾತ್ ನೋವಿನಲ್ಲಿ ಕೆಲವು ಗಂಟೆಗಳ ವಿಳಂಬವೂ ಅಂಗನಷ್ಟಕ್ಕೆ ಕಾರಣವಾಗಬಹುದು. ತಂಬಾಕು ಸೇವನೆಯು ವೀರ್ಯಾಣುಗಳ ಗುಣಮಟ್ಟವನ್ನು ಕುಗ್ಗಿಸುತ್ತದೆ. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ ಎಂಬುದನ್ನು ಹಿರಿಯರು ನೆನಪಿಡಬೇಕು. ಸೊಸೆಯೊಬ್ಬಳನ್ನೇ ಪರೀಕ್ಷೆಗೆ ಕಳುಹಿಸುವ ಪದ್ಧತಿಗೆ ವೈದ್ಯಕೀಯ ಆಧಾರವಿಲ್ಲ.

5. "ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ"

ಹದಿಹರೆಯದ ಮದುಮಗಳನ್ನು ಗರ್ಭನಿರೋಧಕಗಳಿಂದ ದೂರವಿಡುವ ಮಾತು ಇದು. ಮೊದಲ ಮಗುವಾಗುವವರೆಗೆ ಯಾವ ಸಾಧನವನ್ನೂ ಬಳಸಬಾರದೆಂಬ ಎಚ್ಚರಿಕೆಯನ್ನು ಅತ್ತೆ, ನೆರೆಹೊರೆಯವರು ಮಾತ್ರವಲ್ಲದೆ ಹುಡುಗಿಯ ತಾಯಿಯೂ ನೀಡುತ್ತಾಳೆ. ಪರಿಣಾಮವಾಗಿ, ದೇಹ ಇನ್ನೂ ಬೆಳೆಯುತ್ತಿರುವಾಗಲೇ ಗರ್ಭಧಾರಣೆಯಾಗುತ್ತದೆ.

ಗರ್ಭನಿರೋಧಕಗಳ ಪರಿಣಾಮವು ತಾತ್ಕಾಲಿಕ. ನಿರೋಧ್ ಬಳಕೆಯಿಂದ ಸಂತಾನಶಕ್ತಿಗೆ ಯಾವ ಬಾಧಕವೂ ಇಲ್ಲ. ಬದಲಾಗಿ ಲೈಂಗಿಕ ಸೋಂಕುಗಳಿಂದ ಅದು ರಕ್ಷಣೆ ನೀಡುತ್ತದೆ. ಮಾಲಾ-ಎನ್ ಮಾತ್ರೆ ನಿಲ್ಲಿಸಿದ ಮೇಲೆ ಹಾಗೂ ವಂಕಿ ಅಥವಾ ಕಾಪರ್-ಟಿ ತೆಗೆಸಿದ ಮೇಲೆ ಗರ್ಭ ನಿಲ್ಲುವ ಸಾಮರ್ಥ್ಯ ಬೇಗನೆ ಮರಳುತ್ತದೆ. ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇರುವುದಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಅಭಿವೃದ್ಧಿಪಡಿಸಲಾಗಿದೆ. ಅಂತರಾ ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ಒಂದು ಅಂಶವನ್ನು ಮೊದಲೇ ತಿಳಿದಿರಬೇಕು: ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಇದು ವಿಳಂಬವೇ ಹೊರತು ಬಂಜೆತನವಲ್ಲ. ಈ ಮಾಹಿತಿಯನ್ನು ಮುಂಚಿತವಾಗಿ ನೀಡದಿದ್ದಾಗ, ಆರು ತಿಂಗಳು ಕಾದ ಹುಡುಗಿಯೊಬ್ಬಳ ಆತಂಕವೇ ಇಡೀ ಊರಿನ ನಂಬಿಕೆಯಾಗಿ ಬೆಳೆಯುತ್ತದೆ.

ಐದನೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇಕಡ 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇಕಡ ಒಂದಕ್ಕಿಂತಲೂ ಕಡಿಮೆ ಇತ್ತು. ಅನೇಕ ಮಹಿಳೆಯರ ಬದುಕಿನಲ್ಲಿ ತಾತ್ಕಾಲಿಕ ಸಾಧನಗಳಿಗೆ ಸ್ಥಾನವೇ ಇಲ್ಲ. ಬೇಗ ಮದುವೆ, ಬೇಗ ಎರಡು ಹೆರಿಗೆ, ಬಳಿಕ ಶಸ್ತ್ರಚಿಕಿತ್ಸೆ ಎಂಬ ಒಂದೇ ದಾರಿ ಉಳಿದಿದೆ. ಮಾರ್ಗಸೂಚಿಯಂತೆ ಮಹಿಳೆಗೆ 22 ವರ್ಷ ತುಂಬುವವರೆಗೆ ಈ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. 19ನೆಯ ವಯಸ್ಸಿಗೆ ಎರಡು ಮಕ್ಕಳ ತಾಯಿಯಾದವಳಿಗೆ ನಡುವಿನ ಆ ಮೂರು ವರ್ಷಗಳಲ್ಲಿ ತಾತ್ಕಾಲಿಕ ಸಾಧನಗಳೇ ರಕ್ಷಣೆ. ಅವುಗಳ ಬಗ್ಗೆಯೇ ಆಕೆಗೆ ಭಯ ಹುಟ್ಟಿಸಲಾಗಿರುತ್ತದೆ.

6. "ನನಗೆ ಹೇಗೂ ಗರ್ಭ ನಿಲ್ಲುವುದಿಲ್ಲ"

ಮೇಲಿನ ಭಯಕ್ಕೆ ಇನ್ನೊಂದು ಮುಖವಿದೆ. ಮುಟ್ಟು ಏರುಪೇರಾಗಿರುವ ಹುಡುಗಿ ತನಗೆ ಗರ್ಭ ನಿಲ್ಲುವುದಿಲ್ಲವೆಂದೂ, ಧಾತು ಕಳೆದುಕೊಂಡೆನೆಂದು ನಂಬಿದ ಹುಡುಗ ತನ್ನಿಂದ ಗರ್ಭವಾಗುವುದಿಲ್ಲವೆಂದೂ ಭಾವಿಸಿ ಎಚ್ಚರ ತಪ್ಪುತ್ತಾರೆ. ಇದು ಈ ಭಾಗಕ್ಕೆ ಸೀಮಿತವಾದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 18ರಿಂದ 29 ವರ್ಷದ ಅವಿವಾಹಿತರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಐವರು ಯುವತಿಯರಲ್ಲಿ ಒಬ್ಬಳು ತನಗೆ ಮಕ್ಕಳಾಗದಿರುವ ಸಂಭವ ಬಹಳ ಹೆಚ್ಚೆಂದು ನಂಬಿದ್ದಳು. ವೈದ್ಯಕೀಯ ಲೆಕ್ಕದಲ್ಲಿ ಆ ವಯಸ್ಸಿನವರಲ್ಲಿ ಬಂಜೆತನದ ಪ್ರಮಾಣವು ಅದಕ್ಕಿಂತ ಬಹಳ ಕಡಿಮೆ.

ಗರ್ಭನಿರೋಧಕವಿಲ್ಲದೆ ಹನ್ನೆರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಒಟ್ಟಿಗೆ ಬಾಳಿದರೂ ಗರ್ಭ ನಿಲ್ಲದಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು ಬಂಜೆತನವೆಂದು ಪರಿಗಣಿಸುತ್ತದೆ. ಮುಟ್ಟಿನ ದಿನಲೆಕ್ಕದಿಂದ, ಮೈಬಣ್ಣದಿಂದ ಅಥವಾ ತೂಕದಿಂದ ಅದನ್ನು ಮೊದಲೇ ಊಹಿಸಲಾಗದು. ಮೊದಲ ಸಂಪರ್ಕದಲ್ಲಿಯೂ ಗರ್ಭ ನಿಲ್ಲಬಹುದು. ಮುಟ್ಟಿಗೆ ಮೊದಲೇ ಅಂಡ ಬಿಡುಗಡೆಯಾಗುವುದರಿಂದ, ಇನ್ನೂ ಮೈನೆರೆಯದ ಹುಡುಗಿಗೂ ಅಪರೂಪವಾಗಿ ಗರ್ಭ ನಿಲ್ಲುವ ಸಾಧ್ಯತೆಯಿದೆ.

ಹೀಗೆ ಒಂದೇ ಭಯವು ಇಬ್ಬರನ್ನು ಎರಡು ದಾರಿಗಳಲ್ಲಿ ನಡೆಸಿ ಒಂದೇ ಸ್ಥಳಕ್ಕೆ ತಲುಪಿಸುತ್ತದೆ. ಬಂಜೆಯಾಗುವೆನೆಂದು ಹೆದರಿದವಳು ಸಾಧನ ಬಳಸುವುದಿಲ್ಲ. ಬಂಜೆಯೆಂದೇ ನಂಬಿದವಳೂ ಬಳಸುವುದಿಲ್ಲ. ಇಬ್ಬರೂ ಸಿದ್ಧರಿಲ್ಲದ ವಯಸ್ಸಿನಲ್ಲಿ ಗರ್ಭಿಣಿಯರಾಗುತ್ತಾರೆ.

7. ಲಸಿಕೆ ಹಾಗೂ ಮಾತ್ರೆಗಳ ಕುರಿತ ವದಂತಿಗಳು

ಸಾಮೂಹಿಕ ಆರೋಗ್ಯ ಕಾರ್ಯಕ್ರಮಗಳಿಗೆ ಎದುರಾಗುವ ವದಂತಿಗಳಲ್ಲಿ ಮಕ್ಕಳಾಗದಂತೆ ಮಾಡುವ ಸಂಚು ಎಂಬುದು ಪದೇ ಪದೇ ಕೇಳಿಬರುತ್ತದೆ. 2003ರಲ್ಲಿ ನೈಜೀರಿಯಾದ ಕಾನೊ ಪ್ರಾಂತ್ಯದಲ್ಲಿ ಇದೇ ಕಾರಣದಿಂದ ಪೋಲಿಯೋ ಲಸಿಕೆ ಸ್ಥಗಿತಗೊಂಡಿತ್ತು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ ಮೊಬೈಲ್ ಸಂದೇಶಗಳ ಮೂಲಕ ವದಂತಿಗಳು ಹರಡಿದವು. 2021ರಲ್ಲಿ ಕೋವಿಡ್ ಲಸಿಕೆಯ ಬಗ್ಗೆಯೂ ಸಂತಾನಶಕ್ತಿ ಕುಂದುತ್ತದೆ ಎಂಬ ಮಾತು ಹಬ್ಬಿ, ಕೇಂದ್ರ ಆರೋಗ್ಯ ಸಚಿವಾಲಯವು ಸ್ಪಷ್ಟೀಕರಣ ನೀಡಬೇಕಾಯಿತು.

ರುಬೆಲ್ಲಾ ಲಸಿಕೆಯ ಪ್ರಕರಣವು ವಿಶೇಷವಾಗಿ ಗಮನಾರ್ಹ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಗರ್ಭಪಾತವಾಗಬಹುದು ಅಥವಾ ಮಗುವು ಕಿವುಡುತನ, ಕಣ್ಣಿನ ಪೊರೆ, ಹೃದಯದ ದೋಷಗಳೊಂದಿಗೆ ಜನಿಸಬಹುದು. ಬಾಲಕಿಯ ಮುಂದಿನ ತಾಯ್ತನವನ್ನು ಕಾಪಾಡಲೆಂದು ನೀಡುವ ಲಸಿಕೆಯನ್ನೇ ತಾಯ್ತನಕ್ಕೆ ವಿರೋಧಿಯೆಂದು ಬಿಂಬಿಸಲಾಯಿತು.

ಶಾಲೆ ಮತ್ತು ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ನೀಡಲಾಗುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಗಳನ್ನು ಮಕ್ಕಳು ಚೀಲದಲ್ಲಿಟ್ಟು ಎಸೆಯುವುದಕ್ಕೆ ಇಂತಹ ಅನುಮಾನವೂ ಒಂದು ಕಾರಣ. ಕರ್ನಾಟಕದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆಂದು ಐದನೆಯ ಸಮೀಕ್ಷೆ ತಿಳಿಸಿದೆ. ಈ ಮಾತ್ರೆಯು ಸಂತಾನಶಕ್ತಿಯನ್ನು ಕುಂದಿಸುವುದಿಲ್ಲ. ಹೆರಿಗೆಯಲ್ಲಿ ತಾಯಿಯ ಜೀವ ಉಳಿಸುವ ರಕ್ತವನ್ನು ಮೊದಲೇ ಕೂಡಿಡುತ್ತದೆ. ಊಟದ ನಂತರ ಸೇವಿಸಿದರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಮಲ ಕಪ್ಪಾಗುವುದು ಸಹಜ.

8. ಗರ್ಭಚೀಲ ತೆಗೆಸಿದ ತಾಯಂದಿರು, ನೋಡುತ್ತಿರುವ ಹೆಣ್ಣುಮಕ್ಕಳು

ನಂಬಿಕೆಗಳು ಮಕ್ಕಳಲ್ಲಿ ತಾವಾಗಿಯೇ ಹುಟ್ಟುವುದಿಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ನಡೆದಿದ್ದು, ಅವುಗಳಲ್ಲಿ ಬಹಳಷ್ಟು ಅನಗತ್ಯವಾಗಿದ್ದವೆಂಬ ವಿಷಯ ಬೆಳಕಿಗೆ ಬಂದಿತು. ಬಹುಪಾಲು ಮಹಿಳೆಯರು ಲಂಬಾಣಿ ತಾಂಡಾಗಳು ಹಾಗೂ ದಲಿತ ಕೇರಿಗಳಿಗೆ ಸೇರಿದವರಾಗಿದ್ದರು, ಅನೇಕರು ನಲವತ್ತರೊಳಗಿನವರು. ಬಿಳಿ ಸೆರಗು, ಹೊಟ್ಟೆನೋವು, ಹೆಚ್ಚು ರಕ್ತಸ್ರಾವ ಎಂದು ಹೋದವರಿಗೆ ಕ್ಯಾನ್ಸರ್ ಭಯ ತೋರಿಸಲಾಗಿತ್ತೆಂಬ ದೂರುಗಳು ಬಂದವು. ಆರೋಗ್ಯ ಇಲಾಖೆಯಿಂದ ತನಿಖೆ ನಡೆದು ಆಸ್ಪತ್ರೆಗಳ ವಿರುದ್ಧ ಕ್ರಮ ಜರುಗಿಸಲಾಯಿತು. ಇತರ ರಾಜ್ಯಗಳ ಇಂತಹುದೇ ಪ್ರಕರಣಗಳನ್ನು ಕುರಿತ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು ನಿರ್ದೇಶಿಸಿತು.

ಆ ತಾಯಂದಿರ ಹೆಣ್ಣುಮಕ್ಕಳು ಈಗ ಹದಿಹರೆಯದಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ. ಬಿಳಿ ಸೆರಗು ಕಂಡರೆ ಗರ್ಭಚೀಲ ಕೆಟ್ಟಂತೆ, ಮಕ್ಕಳಾದ ಮೇಲೆ ಅದು ಬೇಡದ ವಸ್ತು, ಆದ್ದರಿಂದ ಬೇಗ ಹೆತ್ತು ಮುಗಿಸಬೇಕು ಎಂಬ ಪಾಠವನ್ನು ಅವರು ಮನೆಯಲ್ಲಿಯೇ ಕಲಿತಿರುತ್ತಾರೆ. ಈ ಪಾಠವನ್ನು ತಿದ್ದದೆ ಬಾಲಕಿಯರಿಗೆ ಮಾತ್ರ ತಿಳಿವಳಿಕೆ ನೀಡಿದರೆ ಫಲ ದೊರೆಯದು. ಗರ್ಭಕೋಶ ತೆಗೆಯಲು ಸಲಹೆ ನೀಡಿದಲ್ಲಿ, ತುರ್ತು ಸಂದರ್ಭಗಳ ಹೊರತು, ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯುವುದು ಸೂಕ್ತ.

9. ಸಂತಾನಶಕ್ತಿಗೆ ನಿಜವಾಗಿ ಧಕ್ಕೆ ತರುವ ಕಾರಣಗಳು

ಭಯಪಡಬೇಕಾಗಿಲ್ಲದ ವಿಷಯಗಳಿಗೆ ಭಯಪಡುವುದರಿಂದ ಎಚ್ಚರ ವಹಿಸಬೇಕಾದವು ಕಣ್ತಪ್ಪುತ್ತವೆ. ಅವು ಇಂತಿವೆ:

(ಅ) ಚಿಕಿತ್ಸೆ ಪಡೆಯದ ಲೈಂಗಿಕ ಸೋಂಕುಗಳು: ಇವು ಹೆಣ್ಣುಮಕ್ಕಳಲ್ಲಿ ಗರ್ಭನಾಳಗಳನ್ನು ಮುಚ್ಚಿಬಿಡಬಹುದು. ಅನೇಕ ವೇಳೆ ಯಾವ ಲಕ್ಷಣವೂ ಕಾಣುವುದಿಲ್ಲ.

(ಆ) ಜನನಾಂಗದ ಕ್ಷಯರೋಗ: ಭಾರತದಲ್ಲಿ ಗರ್ಭನಾಳಗಳು ಹಾನಿಗೊಳ್ಳಲು ಇದು ಒಂದು ಮುಖ್ಯ ಕಾರಣ. ಕ್ಷಯರೋಗ ಪರೀಕ್ಷೆ ಮತ್ತು ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

(ಇ) ಅಸುರಕ್ಷಿತ ಗರ್ಭಪಾತ: ವೈದ್ಯರ ಸಲಹೆಯಿಲ್ಲದೆ ಔಷಧ ಅಂಗಡಿಯಿಂದ ಮಾತ್ರೆ ತಂದು ನುಂಗುವುದು, ನಕಲಿ ವೈದ್ಯರಿಂದ ಗರ್ಭ ತೆಗೆಸುವುದು ಸೋಂಕಿಗೂ ಪ್ರಾಣಾಪಾಯಕ್ಕೂ ಕಾರಣವಾಗಬಹುದು. ತರಬೇತಿ ಹೊಂದಿದ ವೈದ್ಯರು ಮಾಡುವ ಸುರಕ್ಷಿತ ಗರ್ಭಪಾತದಿಂದ ಸಾಮಾನ್ಯವಾಗಿ ಬಂಜೆತನ ಉಂಟಾಗುವುದಿಲ್ಲ.

(ಈ) ಹದಿಹರೆಯದ ಹೆರಿಗೆ: 20ರಿಂದ 24 ವರ್ಷದವರಿಗೆ ಹೋಲಿಸಿದರೆ 10ರಿಂದ 19 ವರ್ಷದ ತಾಯಂದಿರಲ್ಲಿ ಗರ್ಭನಂಜು ಹಾಗೂ ಹೆರಿಗೆಯ ನಂತರದ ಗರ್ಭಕೋಶದ ಸೋಂಕಿನ ಅಪಾಯ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಮಗುವು ಕಡಿಮೆ ತೂಕದಿಂದ ಅಥವಾ ದಿನ ತುಂಬುವ ಮೊದಲೇ ಜನಿಸುವ ಸಂಭವವೂ ಹೆಚ್ಚು.

ಸಂತಾನಶಕ್ತಿಯನ್ನು ಸಾಬೀತುಪಡಿಸಲೆಂದು ಆತುರದಿಂದ ಪಡೆದ ಮೊದಲ ಗರ್ಭವೇ ಮುಂದಿನ ಗರ್ಭಗಳಿಗೆ ಅಡ್ಡಿಯಾಗಬಹುದು ಎಂಬುದನ್ನು ಹಿರಿಯರು ಅರಿಯಬೇಕಾಗಿದೆ.

10. ಕಾನೂನಿನ ಸ್ಥಿತಿ

ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬದ ವಿವಾಹ ಅಪರಾಧ. ನ್ಯಾಯಮೂರ್ತಿ ಡಾ. ಶಿವರಾಜ ವಿ. ಪಾಟೀಲ ಅವರ ಅಧ್ಯಕ್ಷತೆಯ ಸಮಿತಿಯು 2011ರಲ್ಲಿ ವರದಿ ಸಲ್ಲಿಸಿದ ತರುವಾಯ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದಿತು. 2017ರಲ್ಲಿ ಜಾರಿಗೆ ಬಂದ ಈ ತಿದ್ದುಪಡಿಯಂತೆ ಕರ್ನಾಟಕದಲ್ಲಿ ನಡೆಯುವ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. 18 ವರ್ಷದೊಳಗಿನ ಪತ್ನಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದೆ.

ಪೋಕ್ಸೋ ಕಾಯ್ದೆ, 2012ರ ಅಡಿಯಲ್ಲಿ, 18 ವರ್ಷದೊಳಗಿನ ಹುಡುಗಿ ಗರ್ಭಿಣಿಯಾಗಿರುವುದು ತಿಳಿದಾಗ ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ನೀಡಬೇಕಾಗುತ್ತದೆ. ಈ ಅಂಜಿಕೆಯಿಂದ ಕುಟುಂಬಗಳು ಆಸ್ಪತ್ರೆಯನ್ನೇ ತಪ್ಪಿಸಿ ನಕಲಿ ವೈದ್ಯರ ಬಳಿಗೆ ಹೋಗುವುದುಂಟು. ಇದರಿಂದ ಹುಡುಗಿಯ ಜೀವಕ್ಕೇ ಅಪಾಯ. ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದಲ್ಲಿ, ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ನೀಡುವ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ಬಹಿರಂಗಪಡಿಸಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. 2021ರ ತಿದ್ದುಪಡಿಯಂತೆ ಅಪ್ರಾಪ್ತೆಯರಿಗೆ 24 ವಾರಗಳವರೆಗೆ ವೈದ್ಯಕೀಯ ಗರ್ಭಪಾತಕ್ಕೆ ಅವಕಾಶವಿದ್ದು, 18 ವರ್ಷದೊಳಗಿನವರಿಗೆ ಪೋಷಕರ ಲಿಖಿತ ಒಪ್ಪಿಗೆ ಅಗತ್ಯ. 18 ತುಂಬಿದವರಿಗೆ ಸ್ವಂತ ಒಪ್ಪಿಗೆಯೇ ಸಾಕು.

11. ಸೇವೆಗಳನ್ನು ಪಡೆಯುವ ವಿಧಾನ

(ಅ) ಸ್ನೇಹ ಕ್ಲಿನಿಕ್: 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹೆಸರಿನ ಚಿಕಿತ್ಸಾಲಯಗಳನ್ನು ತೆರೆಯಲಾಗಿದೆ. ಮುಟ್ಟಿನ ತೊಂದರೆ, ಬಿಳಿ ಸೆರಗು, ಸ್ವಪ್ನಸ್ಖಲನ, ರಕ್ತಹೀನತೆ, ಮಾನಸಿಕ ಒತ್ತಡ ಮೊದಲಾದವುಗಳಿಗೆ ಆಪ್ತಸಮಾಲೋಚನೆ ಉಚಿತವಾಗಿ ದೊರೆಯುತ್ತದೆ. ಮೇಲೆ ತಿಳಿಸಿದ ಕಾನೂನಿನ ಮಿತಿಗೆ ಒಳಪಟ್ಟು ಮಾತುಕತೆಯನ್ನು ಗೌಪ್ಯವಾಗಿಡಲಾಗುತ್ತದೆ. ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ಭಾಗದವರು ತಾಲ್ಲೂಕು ಆಸ್ಪತ್ರೆಯಲ್ಲಿಯೂ, ವಾಡಿ ಮತ್ತು ಶಹಾಬಾದ್ ಭಾಗದವರು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿಯೂ ವಿಚಾರಿಸತಕ್ಕದ್ದು.

(ಆ) ಗ್ರಾಮ ಮಟ್ಟದಲ್ಲಿ: ಆಶಾ ಕಾರ್ಯಕರ್ತೆ ಹಾಗೂ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯವರಿಂದ ಗರ್ಭನಿರೋಧಕಗಳ ಮಾಹಿತಿ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನು ಪಡೆಯಬಹುದು. ಶುಚಿ ಯೋಜನೆಯಡಿ ಶಾಲಾ ಬಾಲಕಿಯರಿಗೆ ಸ್ಯಾನಿಟರಿ ಪ್ಯಾಡ್‌ಗಳ ವಿತರಣೆಯನ್ನು 2024ರಲ್ಲಿ ಪುನರಾರಂಭಿಸಲಾಯಿತು.

(ಇ) ಭಾಗ್ಯಲಕ್ಷ್ಮಿ ಯೋಜನೆ: 2006ರ ಮಾರ್ಚ್ 31ರ ನಂತರ ಜನಿಸಿದ, ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಹೆಣ್ಣುಮಕ್ಕಳಿಗಾಗಿ ಆರಂಭವಾದ ಈ ಯೋಜನೆಯ ಮೊದಲ ಫಲಾನುಭವಿಗಳಿಗೆ 2024ರಲ್ಲಿ 18 ವರ್ಷ ತುಂಬಿತು. 18ಕ್ಕೆ ಮೊದಲು ವಿವಾಹವಾಗಿರಬಾರದು ಮತ್ತು ಎಂಟನೆಯ ತರಗತಿಯವರೆಗೆ ವ್ಯಾಸಂಗ ಮಾಡಿರಬೇಕು ಎಂಬುದು ಪರಿಪಕ್ವ ಮೊತ್ತ ಪಡೆಯಲು ಇರುವ ಷರತ್ತುಗಳಲ್ಲಿ ಸೇರಿದೆ. ಬಾಂಡ್ ಹಾಗೂ ವಯಸ್ಸು ಮತ್ತು ವ್ಯಾಸಂಗದ ದಾಖಲೆಗಳೊಂದಿಗೆ ಆಯಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸತಕ್ಕದ್ದು. ಒಂದು ವರ್ಷದ ಆತುರದಿಂದ ಹದಿನೆಂಟು ವರ್ಷಗಳ ಉಳಿತಾಯವನ್ನು ಕಳೆದುಕೊಳ್ಳಬಾರದು.

(ಈ) ಬಂಜೆತನ ಚಿಕಿತ್ಸೆ: ಕೃತಕ ಗರ್ಭಧಾರಣಾ ತಂತ್ರಜ್ಞಾನ ಕಾಯ್ದೆ, 2021ರಂತೆ 21 ವರ್ಷ ತುಂಬದವರಿಗೆ ಈ ಸೇವೆ ನೀಡುವಂತಿಲ್ಲ. ಹದಿಹರೆಯದ ದಂಪತಿಗಳಿಗೆ ಇಂತಹ ಭರವಸೆ ನೀಡುವವರ ಬಗ್ಗೆ ಎಚ್ಚರವಿರಲಿ. ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಹಣ ಪಾವತಿಸುವ ಮೊದಲು ನೋಂದಣಿ ಪತ್ರವನ್ನು ಕೇಳಿ ನೋಡಬಹುದು.

(ಉ) ದೂರವಾಣಿ: ಬಾಲ್ಯವಿವಾಹ ಅಥವಾ ಮಕ್ಕಳಿಗೆ ತೊಂದರೆಯ ಮಾಹಿತಿಗೆ 1098, ಆರೋಗ್ಯ ಸಲಹೆಗೆ 104, ಮಾನಸಿಕ ಒತ್ತಡಕ್ಕೆ 14416, ತುರ್ತು ರಕ್ಷಣೆಗೆ 112.

12. ಪೋಷಕರ ಗಮನಕ್ಕೆ

ಕಾಯ್ದೆಯಿದೆ, ಯೋಜನೆಗಳಿವೆ, ಮಾತ್ರೆಯೂ ಮನೆಬಾಗಿಲಿಗೆ ಬರುತ್ತದೆ. ಆದರೂ ಬಾಲ್ಯವಿವಾಹದ ಪ್ರಮಾಣ ಇಳಿಯದಿರುವುದಕ್ಕೆ ಬಡತನ, ವಲಸೆ, ಶಾಲೆಯ ದೂರ ಮುಂತಾದ ಹಲವು ಕಾರಣಗಳಿವೆ. ಅವುಗಳಲ್ಲಿ ಹಣ ಖರ್ಚಿಲ್ಲದೆ ನಿವಾರಿಸಬಹುದಾದುದು ಈ ಭಯವೊಂದೇ. ಮೈನೆರೆದ ಮಗಳಿಗೆ ಆರತಿ ಮಾಡುವ ದಿನ, ಮುಟ್ಟಿನ ಏರುಪೇರು ರೋಗವಲ್ಲವೆಂದು ತಾಯಿ ಒಂದು ಮಾತು ಹೇಳಿದರೆ ಸಾಕು. ಮಗನ ದೇಹ ಬದಲಾಗುವಾಗ ತಂದೆ ಅಥವಾ ಸೋದರಮಾವ ಅಷ್ಟೇ ಹೇಳಿದರೆ ಸಾಕು. ಮನೆಯಲ್ಲಿ ಹೇಳಲು ಸಂಕೋಚವಿದ್ದಲ್ಲಿ ಮಗುವನ್ನು ಸ್ನೇಹ ಕ್ಲಿನಿಕ್‌ಗೆ ಕರೆದೊಯ್ದು, ಸಮಾಲೋಚಕರೊಂದಿಗೆ ಏಕಾಂತದಲ್ಲಿ ಮಾತನಾಡಲು ಬಿಡಬೇಕು. ಮದುವೆಯಾದ ವರ್ಷದೊಳಗೆ ಕುಬಸದ ಮಾತು ಬಾರದಿದ್ದರೆ ಸೊಸೆಯನ್ನು ಪ್ರಶ್ನಿಸದಿರುವುದು ಅತ್ತೆಮಾವಂದಿರು ನೀಡಬಹುದಾದ ದೊಡ್ಡ ರಕ್ಷಣೆ. ಸಾರ್ವಜನಿಕರು ಮೇಲ್ಕಂಡ ಸೇವೆಗಳ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.